ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯ: ಬಾಗಿಲಿನಿಂದ ನಿಮ್ಮ ಕಪಾಟಿನವರೆಗೆ

ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ವರ್ಷ ನಾನು ಮುಖ್ಯ ಗ್ರಂಥಾಲಯಕ್ಕೆ ಹೋಗುತ್ತಿದ್ದದ್ದು ಎರಡೇ ಕಾರಣಕ್ಕೆ. ಒಂದು, ಅಲ್ಲಿ ಫ್ಯಾನ್ ಚೆನ್ನಾಗಿ ತಿರುಗುತ್ತಿತ್ತು. ಎರಡು, ಯಾರೂ ಮಾತನಾಡಿಸುತ್ತಿರಲಿಲ್ಲ. ಮೇಲಿನ ಮಹಡಿಗಳಲ್ಲಿ ಪುಸ್ತಕಗಳಿವೆ ಅಂತ ಗೊತ್ತಿತ್ತು, ಆದರೆ ಹತ್ತಿ ಹೋಗುವ ಧೈರ್ಯ ಇರಲಿಲ್ಲ. ಒಂದೆರಡು ಸಲ ಹೋಗಿ, ಸಾಲು ಸಾಲು ಕಪಾಟುಗಳ ನಡುವೆ ಅಲೆದು, ಬರಿಗೈಯಲ್ಲಿ ಇಳಿದು ಬಂದಿದ್ದೆ.

ಆಮೇಲೆ ತಿಳಿಯಿತು, ನನ್ನ ತಪ್ಪು ಎಲ್ಲಿತ್ತು ಅಂತ. ನಾನು ಪುಸ್ತಕ ಹುಡುಕುತ್ತಿದ್ದೆ. ಈ ಕಟ್ಟಡದಲ್ಲಿ ಹುಡುಕಬೇಕಾದದ್ದು ಕಪಾಟನ್ನು. ನಿಮ್ಮ ವಿಷಯದ ಕಪಾಟು ಎಲ್ಲಿದೆ ಅಂತ ಒಮ್ಮೆ ಗೊತ್ತಾದರೆ, ನಿಮಗೆ ಹೆಸರೇ ಗೊತ್ತಿಲ್ಲದ ಪುಸ್ತಕಗಳೂ ಅಲ್ಲೇ ಸಿಗುತ್ತವೆ. ಅಲ್ಲಿಗೆ ತಲುಪುವ ದಾರಿಯನ್ನು ಹಂತ ಹಂತವಾಗಿ ಹೇಳುತ್ತೇನೆ.

ಉದಾಹರಣೆ ಬೇಕಲ್ವಾ? ನಿಮಗೆ ‘ಕುಡಿಯುವ ನೀರಿನಲ್ಲಿ ಫ್ಲೋರೈಡ್’ ಬಗ್ಗೆ ಒಂದು ಪ್ರಬಂಧ ಬರೆಯಬೇಕಿದೆ ಅಂತ ಇಟ್ಟುಕೊಳ್ಳೋಣ.

ಮೊದಲ ದಿನ: ಪುಸ್ತಕ ಬೇಡ, ಸುಮ್ನೆ ಸುತ್ತಿ

ಮೊದಲ ಭೇಟಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಅಂದು ಯಾವ ಪುಸ್ತಕವನ್ನೂ ಹುಡುಕಬೇಡಿ. ಗುರುತಿನ ಚೀಟಿ ತೆಗೆದುಕೊಂಡು ಹೋಗಿ, ಅದು ಲೈಬ್ರರಿಯ ಸಾಫ್ಟ್‌ವೇರ್‌ನಲ್ಲಿ ಚಾಲೂ ಆಗಿದೆಯೇ ಅಂತ ಇಶ್ಯೂ ಕೌಂಟರ್‌ನಲ್ಲಿ ಕೇಳಿ. ಕಾಲೇಜಿಗೆ ಸೇರಿದ ಮಾತ್ರಕ್ಕೆ ಲೈಬ್ರರಿ ಖಾತೆ ತಾನಾಗಿ ಶುರುವಾಗಿರುತ್ತದೆ ಅಂತೇನಿಲ್ಲ. ಅದೇ ಕೌಂಟರ್‌ನಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಿಬಿಡಿ. ಎಷ್ಟು ಪುಸ್ತಕ ಕೊಡುತ್ತೀರಿ? ಎಷ್ಟು ದಿನಕ್ಕೆ? ಅವಧಿ ಮುಗಿಯುವಾಗ ಮನೆಯಿಂದಲೇ ರಿನ್ಯೂ ಮಾಡಬಹುದೇ? ಪ್ರತಿ ಲೈಬ್ರರಿಗೂ ಇದಕ್ಕೆ ಬೇರೆ ಬೇರೆ ಉತ್ತರ.

ಚೀಲವನ್ನು ಸಾಮಾನ್ಯವಾಗಿ ಬಾಗಿಲ ಬಳಿಯೇ ಇಡಬೇಕಾಗುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದು ಹೋಗುವಷ್ಟು ಮಾತ್ರ ತನ್ನಿ: ನೋಟ್‌ಬುಕ್, ಪೆನ್ಸಿಲ್, ಫೋನ್. ದುಡ್ಡಿನ ಪರ್ಸನ್ನು ಚೀಲದಲ್ಲಿ ಬಿಡಬೇಡಿ.

ಒಳಗೆ ಹೋದ ತಕ್ಷಣ ಗೋಡೆಯ ಮೇಲೆ ಮಹಡಿಗಳ ನಕ್ಷೆ ಇದೆಯೇ ನೋಡಿ. ಇದ್ದರೆ ಫೋಟೊ ತೆಗೆದುಕೊಳ್ಳಿ. ಹೆಚ್ಚಿನ ಕಡೆ ನೆಲಮಹಡಿಯಲ್ಲಿ ಜನ ಜಾಸ್ತಿ ಓಡಾಡುವ ವಿಭಾಗಗಳಿರುತ್ತವೆ: ಇಶ್ಯೂ ಕೌಂಟರ್, ಪತ್ರಿಕೆಗಳು, ಹೊಸದಾಗಿ ಬಂದ ಪುಸ್ತಕಗಳ ಸ್ಟ್ಯಾಂಡ್, ರೆಫರೆನ್ಸ್. ಸಾಲು ಕಪಾಟುಗಳ ಸ್ಟ್ಯಾಕ್ ವಿಭಾಗ, ಜರ್ನಲ್‌ಗಳು, ಥೀಸಿಸ್‌ಗಳು ಬೇರೆ ಮಹಡಿಗಳಲ್ಲಿ. ಚಕ್ರ ತಿರುಗಿಸಿ ಸರಿಸುವ ಒತ್ತೊತ್ತು ಕಪಾಟುಗಳನ್ನು ನೀವು ನೆಲಮಾಳಿಗೆಯಲ್ಲೋ ನೆಲಮಹಡಿಯಲ್ಲೋ ನೋಡುವ ಸಾಧ್ಯತೆ ಹೆಚ್ಚು. ಕಾರಣ ಭಾರ. ಪುಸ್ತಕ ಅಂದರೆ ಮರದ ದಿಮ್ಮಿಯ ಹಾಗೆ. ಅಮೆರಿಕದ ಕಟ್ಟಡ ನಿಯಮದ ಲೆಕ್ಕದಲ್ಲಿ ಓದುವ ಕೋಣೆಯ ನೆಲ ಚದರ ಅಡಿಗೆ 60 ಪೌಂಡ್ ಭಾರ ತಡೆದರೆ ಸಾಕು, ಸ್ಟ್ಯಾಕ್ ಕೋಣೆಯ ನೆಲ 150 ಪೌಂಡ್ ತಡೆಯಬೇಕು. ಕಪಾಟುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಭಾರ ಇನ್ನೂ ಏರುತ್ತದೆ. ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿ ಖಾಲಿ ಜಾಗ ಇದ್ದರೂ ಅಲ್ಲಿ ಕಪಾಟು ಯಾಕಿಲ್ಲ ಅಂತ ಯಾರಾದರೂ ಕೇಳಿದರೆ ಹೇಳಲು ಇರಲಿ.

ಇನ್ನೊಂದು ವಿಷಯ ಮೊದಲ ದಿನವೇ ತಿಳಿದುಕೊಳ್ಳಿ. ಸ್ಟ್ಯಾಕ್ ಒಳಗೆ ಓದುಗರನ್ನು ಬಿಡುತ್ತಾರೆಯೇ, ಇಲ್ಲವೇ? ಬಿಡದಿದ್ದರೆ ಚೀಟಿಯಲ್ಲಿ ಪುಸ್ತಕದ ವಿವರ ಬರೆದು ಕೊಡಬೇಕು, ಸಿಬ್ಬಂದಿ ತಂದುಕೊಡುತ್ತಾರೆ. ಅಂಥ ಕಡೆ ಕಪಾಟಿನ ಮುಂದೆ ನಿಲ್ಲುವ ಸುಖ ಇಲ್ಲ, ಕ್ಯಾಟಲಾಗ್ ಮೇಲೆ ಇನ್ನೂ ಜಾಸ್ತಿ ಸಮಯ ಕೊಡಬೇಕಾಗುತ್ತದೆ.

ಎರಡನೇ ಹಂತ: ಮೆಟ್ಟಿಲು ಹತ್ತುವ ಮೊದಲು ಕ್ಯಾಟಲಾಗ್

ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್‌ಗೆ ಓಪ್ಯಾಕ್ ಅನ್ನುತ್ತಾರೆ. ಅದಕ್ಕೆಂದೇ ಕಂಪ್ಯೂಟರ್‌ಗಳನ್ನು ಇಟ್ಟಿರುತ್ತಾರೆ. ಎಷ್ಟೋ ಕಡೆ ಫೋನಿನಲ್ಲೂ ತೆರೆಯುತ್ತದೆ. ಇದು ಗೂಗಲ್ ಥರ ಅಲ್ಲ. ಕ್ಯಾಟಲಾಗ್ ಪುಸ್ತಕದ ಒಳಗಿನ ಪುಟಗಳನ್ನು ಓದಿರುವುದಿಲ್ಲ. ಶೀರ್ಷಿಕೆ, ಲೇಖಕ, ಪ್ರಕಾಶಕ, ವಿಷಯ, ಕೆಲವೊಮ್ಮೆ ಪರಿವಿಡಿ, ಇಷ್ಟೇ ಅದಕ್ಕೆ ಗೊತ್ತು. ಹಾಗಾಗಿ ‘ಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಆದರೆ ಹೇಗೆ ತೆಗೆಯುವುದು’ ಅಂತ ಪೂರ್ತಿ ಪ್ರಶ್ನೆ ಟೈಪ್ ಮಾಡಿದರೆ ಏನೂ ಬರಲಿಕ್ಕಿಲ್ಲ. ‘ಫ್ಲೋರೈಡ್’ ಅಂತ ಒಂದೇ ಪದ ಹಾಕಿ. ಏನೂ ಸಿಗದಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಿ: ‘ನೀರಿನ ಶುದ್ಧೀಕರಣ’. ಅದೂ ಇಲ್ಲದಿದ್ದರೆ ‘ನೀರು ಪೂರೈಕೆ’. ಚಿಕ್ಕ ವಿಷಯಕ್ಕೆ ಇಡೀ ಪುಸ್ತಕ ಇರುವುದಿಲ್ಲ, ದೊಡ್ಡ ವಿಷಯದ ಪುಸ್ತಕದಲ್ಲಿ ಅದಕ್ಕೊಂದು ಅಧ್ಯಾಯ ಇರುತ್ತದೆ.

ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ಉಪಾಯ ಇದೆ. ನಿಮಗೆ ಹೊಂದುವ ಒಂದೇ ಒಂದು ಪುಸ್ತಕ ಸಿಕ್ಕರೂ ಸಾಕು, ಅದರ ಪೂರ್ತಿ ವಿವರದ ಪುಟ ತೆರೆಯಿರಿ. ಕೆಳಗೆ ‘ಸಬ್ಜೆಕ್ಟ್’ ಅಂತ ಒಂದೋ ಎರಡೋ ಸಾಲು ಇರುತ್ತದೆ. ಅದು ಲೇಖಕರು ಹಾಕಿದ್ದಲ್ಲ, ಕ್ಯಾಟಲಾಗ್ ಮಾಡಿದವರು ಒಂದು ನಿಗದಿತ ಪಟ್ಟಿಯಿಂದ ಆರಿಸಿ ಹಾಕಿದ್ದು. ಅದರ ಮೇಲೆ ಒತ್ತಿ. ಶೀರ್ಷಿಕೆಯಲ್ಲಿ ನಿಮ್ಮ ಪದವೇ ಇಲ್ಲದ, ಆದರೆ ಅದೇ ವಿಷಯದ ಪುಸ್ತಕಗಳು ಸಾಲಾಗಿ ಬರುತ್ತವೆ.

ಕನ್ನಡ ಪುಸ್ತಕ ಹುಡುಕುವಾಗ ತಾಳ್ಮೆ ಇನ್ನಷ್ಟು ಬೇಕು. ಕೆಲವು ಕ್ಯಾಟಲಾಗ್‌ಗಳಲ್ಲಿ ಕನ್ನಡ ಶೀರ್ಷಿಕೆ ಕನ್ನಡ ಲಿಪಿಯಲ್ಲೇ ಇರುತ್ತದೆ, ಕೆಲವದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ‘ಇತಿಹಾಸ’ ಬರೆಯಲು ಎಷ್ಟು ದಾರಿಗಳಿವೆ ಯೋಚಿಸಿ. ಒಬ್ಬರು ‘ತ’ಕ್ಕೆ ಒಂದಕ್ಷರ ಹಾಕುತ್ತಾರೆ, ಇನ್ನೊಬ್ಬರು ಎರಡು. ಒಬ್ಬರು ದೀರ್ಘಕ್ಕೆ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ, ಇನ್ನೊಬ್ಬರು ಮೇಲೊಂದು ಗೆರೆ ಎಳೆಯುತ್ತಾರೆ. ಒಂದು ಥರ ಹಾಕಿ ಸಿಗಲಿಲ್ಲ ಅಂತ ಪುಸ್ತಕ ಇಲ್ಲ ಅಂದುಕೊಳ್ಳಬೇಡಿ. ನಾಲ್ಕು ಥರ ಹಾಕಿ ನೋಡಿ.

ಪುಸ್ತಕ ಸಿಕ್ಕಿತೇ? ಈಗ ಮೂರು ಸಂಗತಿ ಬರೆದುಕೊಳ್ಳಿ: ಕಾಲ್ ನಂಬರ್ (ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಚೀಟಿಯಲ್ಲಿರುವ ನಂಬರ್), ಮಹಡಿ ಅಥವಾ ವಿಭಾಗ, ಮತ್ತು ಪುಸ್ತಕ ಈಗ ಇದೆಯೋ ಹೊರಗೆ ಹೋಗಿದೆಯೋ ಅನ್ನುವುದು. ಪೂರ್ತಿ ಕಾಲ್ ನಂಬರ್ ಬರೆದುಕೊಳ್ಳಿ, ಚುಕ್ಕಿಯ ನಂತರದ್ದೂ ಸೇರಿ. ‘ಆರುನೂರ ಇಪ್ಪತ್ತೆಂಟೇನೋ’ ಅಂತ ನೆನಪಿಟ್ಟುಕೊಂಡು ಹೋದವರು ಮತ್ತೆ ಕೆಳಗೆ ಬರುತ್ತಾರೆ. ನಾನೂ ಬಂದಿದ್ದೇನೆ.

ಮಧ್ಯೆ ಒಂದು ಮಾತು, ಮೂರು ನಂಬರ್‌ಗಳ ಗೊಂದಲದ ಬಗ್ಗೆ. ಐಎಸ್‌ಬಿಎನ್ ಅನ್ನುವುದು ಪ್ರಕಾಶಕರು ಆ ಆವೃತ್ತಿಗೆ ಕೊಟ್ಟ ಸಂಖ್ಯೆ, 2007ರಿಂದ 13 ಅಂಕಿ, ಅದಕ್ಕೂ ಮೊದಲು 10. ಅಕ್ಸೆಷನ್ ನಂಬರ್ ಅಂದರೆ ಲೈಬ್ರರಿ ತನ್ನಲ್ಲಿರುವ ಒಂದೊಂದು ಪ್ರತಿಗೂ ಕೊಟ್ಟ ಸಂಖ್ಯೆ. ಒಂದೇ ಪುಸ್ತಕದ ಐದು ಪ್ರತಿ ಇದ್ದರೆ ಐದು ಅಕ್ಸೆಷನ್ ನಂಬರ್. ಇವೆರಡರಿಂದ ಕಪಾಟು ಸಿಗುವುದಿಲ್ಲ. ಕಪಾಟಿಗೆ ಕರೆದುಕೊಂಡು ಹೋಗುವುದು ಕಾಲ್ ನಂಬರ್ ಒಂದೇ.

ಮೂರನೇ ಹಂತ: ಬೆನ್ನಿನ ಮೇಲಿನ ಚೀಟಿ ಓದುವುದು

ಹಿಂದೆ ಎಷ್ಟೋ ಲೈಬ್ರರಿಗಳಲ್ಲಿ ಪುಸ್ತಕದ ನಂಬರ್ ಅಂದರೆ ಜಾಗದ ನಂಬರ್ ಆಗಿತ್ತು. ಇಂಥ ಕಪಾಟು, ಇಂಥ ಹಲಗೆ, ಎಡದಿಂದ ಇಷ್ಟನೆಯದು. ಹೊಸ ಪುಸ್ತಕ ಬಂದರೆ ನಡುವೆ ತೂರಿಸಲು ಆಗುತ್ತಿರಲಿಲ್ಲ. 1876ರಲ್ಲಿ ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ ತಂದ ದಶಮಾಂಶ ಪದ್ಧತಿ ನಂಬರನ್ನು ಕಪಾಟಿನಿಂದ ಬಿಡಿಸಿ ವಿಷಯಕ್ಕೆ ಕಟ್ಟಿತು. ನಂಬರ್ ಹೇಳುವುದು ‘ನಾನು ಎಲ್ಲಿದ್ದೇನೆ’ ಅಂತ ಅಲ್ಲ, ‘ನಾನು ಯಾವುದರ ಬಗ್ಗೆ ಇದ್ದೇನೆ’ ಅಂತ. ಲೈಬ್ರರಿ ಹೊಸ ಕಟ್ಟಡಕ್ಕೆ ಹೋದರೂ ನಂಬರ್ ಬದಲಾಗುವುದಿಲ್ಲ.

ಡ್ಯೂಯಿ ಪದ್ಧತಿಯಲ್ಲಿ ಹತ್ತು ದೊಡ್ಡ ಮನೆಗಳು. 000 ಕಂಪ್ಯೂಟರ್ ಮತ್ತು ಸಾಮಾನ್ಯ ವಿಷಯ, 100 ತತ್ವಶಾಸ್ತ್ರ ಮತ್ತು ಮನಶ್ಶಾಸ್ತ್ರ, 200 ಧರ್ಮ, 300 ಸಮಾಜ ವಿಜ್ಞಾನ, 400 ಭಾಷೆ, 500 ವಿಜ್ಞಾನ, 600 ತಂತ್ರಜ್ಞಾನ ಮತ್ತು ವೈದ್ಯ, 700 ಕಲೆ ಮತ್ತು ಆಟ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಇದನ್ನು ಬಾಯಿಪಾಠ ಮಾಡಬೇಕಿಲ್ಲ. ನಿಮ್ಮ ವಿಷಯದ ಒಂದೆರಡು ನಂಬರ್ ತಿಳಿದರೆ ಸಾಕು, ಉಳಿದದ್ದು ಕಪಾಟಿನ ತುದಿಯ ಬೋರ್ಡ್‌ಗಳು ಹೇಳುತ್ತವೆ. ಕನ್ನಡ ಸಾಹಿತ್ಯ 894.814ರಲ್ಲಿ ಸಿಗುತ್ತದೆ, ಕನ್ನಡ ಭಾಷೆಯ ಬಗೆಗಿನ ಪುಸ್ತಕ 494.814ರಲ್ಲಿ. ಚುಕ್ಕಿಯ ನಂತರದ ಬಾಲ ಎರಡರಲ್ಲೂ ಒಂದೇ ನೋಡಿ.

ಎಲ್ಲರೂ ಎಡವುವ ಜಾಗ ಈಗ ಬಂತು. ಚುಕ್ಕಿಯ ನಂತರದ ಅಂಕಿಗಳನ್ನು ದಶಮಾಂಶವಾಗಿ ಓದಬೇಕು, ಇಡೀ ಸಂಖ್ಯೆಯಾಗಿ ಅಲ್ಲ. 628.1 ಮೊದಲು, ಆಮೇಲೆ 628.114, ಆಮೇಲೆ 628.16, ಅದಾದ ಮೇಲೆ 628.2. ‘ಹದಿನಾರು ಎರಡಕ್ಕಿಂತ ದೊಡ್ಡದು’ ಅಂತ 628.2ರ ಬಲಗಡೆಗೆ 628.16 ಹುಡುಕಿದರೆ ಸಿಗುವುದಿಲ್ಲ. ನಾನು ಬರಿಗೈಯಲ್ಲಿ ಇಳಿದು ಬಂದ ದಿನಗಳಲ್ಲಿ ಒಂದು ದಿನದ ಕಥೆ ಇದೇ. ಪುಸ್ತಕ ನನ್ನ ಎಡ ಭುಜದ ಹತ್ತಿರವೇ ಇತ್ತು.

ನಂಬರ್ ಒಂದೇ ಆಗಿರುವ ಪುಸ್ತಕಗಳು ಹತ್ತಾರು ಇದ್ದರೆ ಎರಡನೇ ಸಾಲು ನೋಡಿ. ಅಲ್ಲಿ ಹೆಚ್ಚಾಗಿ ಲೇಖಕರ ಹೆಸರಿನ ಮೊದಲ ಕೆಲವು ಅಕ್ಷರ ಇರುತ್ತದೆ. ಆ ಅಕ್ಷರಗಳ ಕ್ರಮದಲ್ಲೇ ಜೋಡಿಸಿರುತ್ತಾರೆ.

ನಿಮ್ಮ ಲೈಬ್ರರಿಯ ಚೀಟಿ ಅಕ್ಷರದಿಂದ ಶುರುವಾದರೆ, ಉದಾಹರಣೆಗೆ ‘ಕ್ಯೂ, ಎ’ ಅಂತ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ 76, ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿ. ‘ಕ್ಯೂ, ಎ’ ಅಂದರೆ ಗಣಿತ, ಅದರೊಳಗೆ 76 ಕಂಪ್ಯೂಟರ್. ಚೀಟಿಯ ನಡುವೆ ಕೋಲನ್ ಚಿಹ್ನೆ ಕಂಡರೆ ಅದು ಎಸ್. ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ ಇರಬಹುದು. ಗಣಿತ ಕಲಿಸುತ್ತಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1933ರಲ್ಲಿ ಈ ಪದ್ಧತಿ ಪ್ರಕಟಿಸಿದರು. ಅದಕ್ಕೂ ಎರಡು ವರ್ಷ ಮೊದಲು ಲೈಬ್ರರಿಗೆ ಅವರು ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಅನ್ನುತ್ತದೆ. ಈ ನಂಬರ್, ಬೋರ್ಡ್, ಚೀಟಿಗಳ ಗದ್ದಲ ಇರುವುದೆಲ್ಲ ಅದಕ್ಕೇ. ಮೊದಲ ವರ್ಷ ನನ್ನ ಸಮಯ ಯಾಕೆ ಉಳಿಯಲಿಲ್ಲ ಅಂದರೆ, ನಾನು ಅವುಗಳನ್ನು ಓದಲೇ ಇಲ್ಲ.

ನಾಲ್ಕನೇ ಹಂತ: ಕಪಾಟಿನ ಮುಂದೆ ನಿಲ್ಲುವುದು

ಸಾಲಿನ ತುದಿಯಲ್ಲಿ ‘600ರಿಂದ 629’ ಅನ್ನುವಂಥ ಬೋರ್ಡ್ ಇರುತ್ತದೆ. ಒಳಗೆ ಹೋಗಿ. ಒಂದು ಅಂಕಣದಲ್ಲಿ ಮೇಲಿನ ಹಲಗೆಯಿಂದ ಕೆಳಗಿನ ಹಲಗೆಯವರೆಗೆ ಓದಿ, ಆಮೇಲೆ ಬಲಗಡೆಯ ಅಂಕಣಕ್ಕೆ ಹೋಗಬೇಕು. ಹಲವರು ಒಂದೇ ಹಲಗೆಯನ್ನು ಹಿಡಿದು ಸಾಲಿನ ಕೊನೆವರೆಗೆ ನಡೆದು ಹೋಗುತ್ತಾರೆ. ಹಾಗೆ ಹೋದರೆ ನಂಬರ್‌ಗಳು ಜಿಗಿಯುತ್ತಾ ಹೋಗಿ ತಲೆ ಕೆಡುತ್ತದೆ.

ಬೇಕಾದ ಪುಸ್ತಕ ಸಿಕ್ಕಿತು ಅಂದುಕೊಳ್ಳಿ. ತೆಗೆದುಕೊಂಡು ಓಡಬೇಡಿ. ಎಡಕ್ಕೆ ಎರಡು ಹಲಗೆ, ಬಲಕ್ಕೆ ಎರಡು ಹಲಗೆ ಬೆನ್ನುಗಳನ್ನು ಓದಿ. ನಾನು ಹೇಳಿದ ಕಪಾಟು ಇದೇ. ನಾನು ಪ್ರಬಂಧಗಳಲ್ಲಿ ಬಳಸಿದ ಒಳ್ಳೆಯ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಹುಡುಕಿದ್ದಲ್ಲ, ಹುಡುಕಿದ್ದರ ಪಕ್ಕದಲ್ಲಿ ಕೂತಿದ್ದವು. ಒಂದೊಂದನ್ನೂ ಎರಡು ನಿಮಿಷ ನೋಡಿ. ಮೊದಲು ಪರಿವಿಡಿ, ಆಮೇಲೆ ಕೊನೆಯ ಪದಸೂಚಿ. ಪದಸೂಚಿಯಲ್ಲಿ ‘ಫ್ಲೋರೈಡ್’ ಮುಂದೆ ಒಂದೇ ಪುಟ ಇದ್ದರೆ ಬಿಡಿ. ‘211ರಿಂದ 240’ ಅಂತ ಇದ್ದರೆ ಕೈಯಲ್ಲಿ ಇಟ್ಟುಕೊಳ್ಳಿ. ಪ್ರಕಟವಾದ ವರ್ಷ ನೋಡುವುದು ಮರೆಯಬೇಡಿ. ತಂತ್ರಜ್ಞಾನದ ವಿಷಯದಲ್ಲಿ ಮೂವತ್ತು ವರ್ಷ ಹಳೆಯ ಪುಸ್ತಕ ಮೂಲ ತತ್ವಕ್ಕೆ ಸರಿ, ಇವತ್ತಿನ ವಿಧಾನಕ್ಕೆ ಸಾಲದು.

ಒಂದು ಎಚ್ಚರಿಕೆ. ನಿಮ್ಮ ವಿಷಯ ಒಂದೇ ಕಪಾಟಿನಲ್ಲಿ ಇರುವುದಿಲ್ಲ. ವರ್ಗೀಕರಣ ವಿಷಯವನ್ನು ಅಲ್ಲ, ವಿಷಯವನ್ನು ನೋಡುವ ಕಣ್ಣನ್ನು ಹಿಡಿಯುತ್ತದೆ. ಜೇನುಹುಳದ ಜೀವನ 595.799ರಲ್ಲಿ, ಪ್ರಾಣಿಶಾಸ್ತ್ರದ ಜೊತೆ. ಜೇನು ಸಾಕಣೆ 638.1ರಲ್ಲಿ, ಕೃಷಿಯ ಜೊತೆ. ಹುಳ ಅದೇ, ಮಹಡಿಯೇ ಬೇರೆ ಇರಬಹುದು. ನೀರಂತೂ ಇಡೀ ಕಟ್ಟಡದ ತುಂಬ ಹರಿದಿದೆ. ಅಂತರ್ಜಲ ಭೂವಿಜ್ಞಾನದ 551.49ರಲ್ಲಿ, ಶುದ್ಧೀಕರಣ 628.16ರಲ್ಲಿ, ನೀರಿನ ಹಂಚಿಕೆ ಮತ್ತು ಅರ್ಥಶಾಸ್ತ್ರ 333.91ರಲ್ಲಿ. ಫ್ಲೋರೈಡ್‌ನಿಂದ ಹಲ್ಲು, ಮೂಳೆಗೆ ಆಗುವ ತೊಂದರೆ ವೈದ್ಯಕೀಯದ ಕಪಾಟಿನಲ್ಲಿ. ಹಾಗಾಗಿ ಪ್ರಬಂಧ ಶುರು ಮಾಡುವ ಮೊದಲು ನಿಮ್ಮ ಪ್ರಶ್ನೆ ಯಾವುದು ಅಂತ ನಿರ್ಧರಿಸಿ. ಫ್ಲೋರೈಡ್ ಎಲ್ಲಿಂದ ಬರುತ್ತದೆ ಅಂತಲೋ, ಏನು ಮಾಡುತ್ತದೆ ಅಂತಲೋ, ಹೇಗೆ ತೆಗೆಯುವುದು ಅಂತಲೋ? ಮೂರು ಪ್ರಶ್ನೆಗೆ ಮೂರು ಕಪಾಟು.

ನೋಡಿದ ಪುಸ್ತಕವನ್ನು ನೀವೇ ಕಪಾಟಿಗೆ ಇಡಬೇಡಿ. ಇದು ವಿಚಿತ್ರ ಅನ್ನಿಸಬಹುದು, ಒಳ್ಳೆಯ ಅಭ್ಯಾಸವೇ ಅಲ್ವಾ ಅಂತ. ಆದರೆ ನಾಲ್ಕು ಇಂಚು ಆಚೆ ಇಟ್ಟ ಪುಸ್ತಕವೂ ಕಳೆದುಹೋದ ಪುಸ್ತಕವೇ. ಮುಂದೆ ಬರುವವರಿಗೆ ಅದು ಸಿಗುವುದಿಲ್ಲ. ಮೇಜಿನ ಮೇಲೋ ಗಾಡಿಯ ಮೇಲೋ ಬಿಡಿ. ಎಷ್ಟೋ ಲೈಬ್ರರಿಗಳು ಹಾಗೆ ಬಿಟ್ಟ ಪುಸ್ತಕಗಳನ್ನು ಎಣಿಸಿ, ಯಾವುದು ಬಳಕೆಯಲ್ಲಿದೆ ಅಂತ ಲೆಕ್ಕ ಇಡುತ್ತವೆ.

ಕ್ಯಾಟಲಾಗ್ ‘ಇದೆ’ ಅನ್ನುತ್ತದೆ, ಕಪಾಟು ‘ಇಲ್ಲ’ ಅನ್ನುತ್ತದೆ

ಇದು ಆಗಿಯೇ ಆಗುತ್ತದೆ. ಮೊದಲು ಮೇಲಿನ ಮತ್ತು ಕೆಳಗಿನ ಹಲಗೆ ನೋಡಿ. ಆಮೇಲೆ ಪುಸ್ತಕಗಳ ಹಿಂದೆ ಕೈ ಹಾಕಿ, ಚಿಕ್ಕ ಪುಸ್ತಕಗಳು ಹಿಂದಕ್ಕೆ ಬಿದ್ದಿರುತ್ತವೆ. ಅಂಕಿ ಅದಲುಬದಲಾಗಿರಬಹುದು: 628.16 ಬದಲು 628.61ರ ಹತ್ತಿರ ನೋಡಿ. ದೊಡ್ಡ ಅಳತೆಯ ಪುಸ್ತಕಗಳಿಗೆ ಬೇರೆ ಕಪಾಟು ಇರುತ್ತದೆ. ಹತ್ತಿರದ ಮೇಜುಗಳು, ವಾಪಸ್ ಬಂದ ಪುಸ್ತಕಗಳ ಗಾಡಿ, ಜೆರಾಕ್ಸ್ ಯಂತ್ರದ ಪಕ್ಕ, ಇವನ್ನೂ ನೋಡಿ. ಸಿಗದಿದ್ದರೆ ಕೌಂಟರ್‌ನಲ್ಲಿ ಹೇಳಿ, ಹುಡುಕುವ ಪಟ್ಟಿಗೆ ಸೇರಿಸುತ್ತಾರೆ. ಯಾರೋ ಒಯ್ದಿದ್ದರೆ ನಿಮ್ಮ ಹೆಸರಿಗೆ ಕಾದಿರಿಸಲು ಕೇಳಿ. ಲೈಬ್ರರಿಯಲ್ಲೇ ಇಲ್ಲದಿದ್ದರೆ ಬೇರೆ ಲೈಬ್ರರಿಯಿಂದ ತರಿಸಿಕೊಡುವ ವ್ಯವಸ್ಥೆ ಇದೆಯೇ ವಿಚಾರಿಸಿ. ಅದಕ್ಕೆ ದಿನಗಳು ಹಿಡಿಯುತ್ತವೆ, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಐದನೇ ಹಂತ: ಸ್ಟ್ಯಾಕ್ ಬಿಟ್ಟು ಉಳಿದ ಕಟ್ಟಡ

ರೆಫರೆನ್ಸ್ ವಿಭಾಗದ ಪುಸ್ತಕಗಳನ್ನು ಹೊರಗೆ ಕೊಡುವುದಿಲ್ಲ. ವಿಶ್ವಕೋಶ, ನಿಘಂಟು, ಕೈಪಿಡಿ, ಅಟ್ಲಾಸ್ ಇವೆಲ್ಲ ಅಲ್ಲಿ. ಹೊಸ ವಿಷಯಕ್ಕೆ ಕೈ ಹಾಕುವಾಗ ನಾನು ಮೊದಲು ಹೋಗುವುದು ಇಲ್ಲಿಗೇ. ವಿಷಯವಾರು ವಿಶ್ವಕೋಶದ ನಾಲ್ಕು ಪುಟ ಓದಿದರೆ, ಕ್ಯಾಟಲಾಗ್‌ನಲ್ಲಿ ಯಾವ ಪದ ಹಾಕಬೇಕು ಅಂತ ತಿಳಿಯುತ್ತದೆ. ಫ್ಲೋರೈಡ್‌ನಿಂದ ಹಲ್ಲು, ಮೂಳೆಗೆ ಆಗುವ ತೊಂದರೆಗೆ ‘ಫ್ಲೋರೋಸಿಸ್’ ಅನ್ನುವ ಪದವೇ ಗೊತ್ತಿಲ್ಲದೆ ಅದರ ಪುಸ್ತಕ ಹುಡುಕುವುದು ಹೇಗೆ?

ಜರ್ನಲ್ ವಿಭಾಗದಲ್ಲಿ ಹೊಸ ಸಂಚಿಕೆಗಳು ಸ್ಟ್ಯಾಂಡ್ ಮೇಲೆ, ಹಳೆಯವು ವರ್ಷಕ್ಕೊಂದರಂತೆ ದಪ್ಪ ಬೈಂಡ್ ಮಾಡಿದ ಸಂಪುಟಗಳಾಗಿ ಇರುತ್ತವೆ. ಲೇಖನದ ಹೆಸರಿನಿಂದ ಇಲ್ಲಿ ಹುಡುಕಲು ಆಗುವುದಿಲ್ಲ. ಜರ್ನಲ್ ಹೆಸರು, ವರ್ಷ, ಸಂಪುಟ, ಸಂಚಿಕೆ, ಪುಟ ಬರೆದುಕೊಂಡು ಬನ್ನಿ.

ಥೀಸಿಸ್ ವಿಭಾಗವನ್ನು ಜನ ಯಾಕೋ ಮರೆಯುತ್ತಾರೆ. ನಿಮ್ಮ ವಿಷಯಕ್ಕೆ ಹತ್ತಿರವಾದ ಒಂದು ಥೀಸಿಸ್ ಸಿಕ್ಕರೆ ಅದರ ಎರಡನೇ ಅಧ್ಯಾಯ ತೆರೆಯಿರಿ. ಸಾಮಾನ್ಯವಾಗಿ ಅಲ್ಲಿ ಆ ವಿಷಯದಲ್ಲಿ ಹಿಂದೆ ಯಾರು ಏನು ಕೆಲಸ ಮಾಡಿದ್ದಾರೆ ಅನ್ನುವ ವಿವರ ಇರುತ್ತದೆ. ಒಬ್ಬರು ತಿಂಗಳುಗಟ್ಟಲೆ ಕೂತು ಮಾಡಿದ ಪಟ್ಟಿ ನಿಮಗೆ ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ. ಅದರಿಂದ ನಕಲು ಹೊಡೆಯಬೇಡಿ, ಅದು ತೋರಿಸುವ ಮೂಲಗಳಿಗೆ ಹೋಗಿ.

ಆನ್‌ಲೈನ್ ಜರ್ನಲ್‌ಗಳು ಕ್ಯಾಂಪಸ್ ಒಳಗಿನ ಇಂಟರ್ನೆಟ್‌ನಲ್ಲಿ ತೆರೆಯುತ್ತವೆ, ಮನೆಯಲ್ಲಿ ದುಡ್ಡು ಕೇಳುತ್ತವೆ. ಯಾಕೆಂದರೆ ಪ್ರಕಾಶಕರು ಗುರುತಿಸುವುದು ವಿಶ್ವವಿದ್ಯಾಲಯದ ಐಪಿ ವಿಳಾಸವನ್ನು. ದುಡ್ಡು ಕೊಡುವ ಮೊದಲು, ಹೊರಗಿನಿಂದ ಲಾಗಿನ್ ಆಗುವ ದಾರಿ ಇದೆಯೇ ಅಂತ ಲೈಬ್ರರಿಯಲ್ಲಿ ಕೇಳಿ.

ಆರನೇ ಹಂತ: ಕೇಳುವುದು

ರೆಫರೆನ್ಸ್ ಮೇಜಿನ ಹಿಂದೆ ಕೂತವರಿಗೆ ತೊಂದರೆ ಕೊಡುತ್ತಿದ್ದೇನೆ ಅನ್ನಿಸಿ ಸುಮಾರು ದಿನ ನಾನು ಕೇಳಲೇ ಇಲ್ಲ. ಅವರು ಅಲ್ಲಿ ಕೂತಿರುವುದೇ ಕೇಳಿಸಿಕೊಳ್ಳಲು. ಆದರೆ ‘ನೀರಿನ ಬಗ್ಗೆ ಪುಸ್ತಕ ಇದೆಯಾ?’ ಅಂದರೆ ಅವರೂ ಏನು ಮಾಡಿಯಾರು? ಹೀಗೆ ಕೇಳಿ: ‘ಬಾವಿ ನೀರಿನಿಂದ ಫ್ಲೋರೈಡ್ ತೆಗೆಯುವ ವಿಧಾನಗಳ ಬಗ್ಗೆ ಎಂಎಸ್ಸಿ ಮಟ್ಟದ ಪ್ರಬಂಧ ಬರೆಯುತ್ತಿದ್ದೇನೆ. 628.16ರಲ್ಲಿ ನೋಡಿದೆ, ಎರಡು ಪುಸ್ತಕ ಸಿಕ್ಕವು. ಕಳೆದ ಐದು ವರ್ಷದ್ದು ಏನಾದರೂ ಬೇಕು. ಎರಡು ವಾರ ಸಮಯ ಇದೆ.’ ಏನು ಬೇಕು, ಯಾಕೆ ಬೇಕು, ಎಲ್ಲಿ ನೋಡಿದ್ದೀರಿ, ಯಾವಾಗ ಬೇಕು. ಇಷ್ಟು ಹೇಳಿದರೆ ಅವರು ಕುರ್ಚಿ ಬಿಟ್ಟು ಎದ್ದು ಬರುವುದನ್ನು ನೋಡಿದ್ದೇನೆ.

ಕೂರುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ದೊಡ್ಡ ರೀಡಿಂಗ್ ಹಾಲ್‌ಗಿಂತ ನಿಮ್ಮ ಕಪಾಟಿನ ಹತ್ತಿರದ ಒಂಟಿ ಮೇಜು ಮೇಲು. ಪರೀಕ್ಷೆ ಹತ್ತಿರ ಬಂದಾಗ ಬೆಳಿಗ್ಗೆ ಬೇಗ ಹೋಗಿ, ಇಲ್ಲದಿದ್ದರೆ ಎಲ್ಲ ಕುರ್ಚಿಯ ಮೇಲೂ ಯಾರದೋ ನೋಟ್‌ಬುಕ್ ಮಲಗಿರುತ್ತದೆ.

ಕೊನೆಯ ಹಂತ: ಒಯ್ಯುವುದು, ಮರಳಿಸುವುದು

ಪುಸ್ತಕ ಪಡೆಯುವ ಮೊದಲು ಒಮ್ಮೆ ಪುಟ ತಿರುವಿ ನೋಡಿ. ಹರಿದ ಪುಟ, ಗೀಚಿದ ಸಾಲು ಕಂಡರೆ ಕೌಂಟರ್‌ನಲ್ಲಿ ತೋರಿಸಿಯೇ ಒಯ್ಯಿರಿ, ಇಲ್ಲದಿದ್ದರೆ ಆಮೇಲೆ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ. ಬಾಗಿಲ ಗೇಟ್ ಕೂಗಿಕೊಂಡರೆ ಗಾಬರಿ ಬೇಡ. ಪುಸ್ತಕದೊಳಗಿನ ಆರ್‌ಎಫ್‌ಐಡಿ ಚಿಪ್ಪೋ ಕಾಂತದ ಪಟ್ಟಿಯೋ ‘ಇಶ್ಯೂ ಆಗಿದೆ’ ಅಂತ ಬದಲಾಗಿರುವುದಿಲ್ಲ, ಅಷ್ಟೇ. ಮತ್ತೆ ಕೌಂಟರ್‌ಗೆ ಹೋಗಿ.

ಪುಸ್ತಕದಿಂದ ಯಾವುದಾದರೂ ಭಾಗ ಬಳಸುವುದಿದ್ದರೆ ಅಂದೇ ಶೀರ್ಷಿಕೆ ಪುಟದ, ಅದರ ಹಿಂದಿನ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಲೇಖಕ, ಪ್ರಕಾಶಕ, ವರ್ಷ, ಆವೃತ್ತಿ ಎಲ್ಲ ಅಲ್ಲೇ ಇರುತ್ತದೆ. ನೋಟ್ಸ್ ಬರೆಯುವಾಗ ಪ್ರತಿ ಟಿಪ್ಪಣಿಯ ಪಕ್ಕ ಪುಟಸಂಖ್ಯೆ ಹಾಕಿ. ಕಾಲ್ ನಂಬರ್ ಸಹ ಬರೆದಿಟ್ಟರೆ ಆರು ತಿಂಗಳ ನಂತರ ಮತ್ತೆ ಅದೇ ಕಪಾಟಿಗೆ ನೇರ ಹೋಗಬಹುದು.

ಮರಳಿಸುವಾಗ ಪುಸ್ತಕ ಕೌಂಟರ್ ಮೇಲೆ ಇಟ್ಟು ಹೊರಡಬೇಡಿ. ನಿಮ್ಮ ಖಾತೆಯಿಂದ ಅದು ಇಳಿಯುವುದನ್ನು ಕಣ್ಣಾರೆ ನೋಡಿ, ಚೀಟಿ ಕೊಟ್ಟರೆ ಇಟ್ಟುಕೊಳ್ಳಿ. ಕೋರ್ಸ್ ಮುಗಿಯುವ ಹೊತ್ತಿಗೆ ‘ಬಾಕಿ ಏನೂ ಇಲ್ಲ’ ಅನ್ನುವ ಪತ್ರ ತೆಗೆದುಕೊಳ್ಳಲು ಹೋದಾಗ ನನ್ನ ಹೆಸರಲ್ಲಿ ಒಂದು ಪುಸ್ತಕ ಇನ್ನೂ ಇತ್ತು, ಮೇಲೆ ಎರಡು ವರ್ಷದ ದಂಡ. ನಾನು ಮರಳಿಸಿದ್ದೆ, ಆದರೆ ಚೀಟಿ ಇರಲಿಲ್ಲ. ಒಂದು ನಿಮಿಷ ಅಂತ ಹೇಳಿ ಮೇಲೆ ಹೋದೆ. ಮೂರನೇ ಮಹಡಿ, ಎಡಕ್ಕೆ ನಾಲ್ಕನೇ ಸಾಲು, ಮೇಲಿನಿಂದ ಎರಡನೇ ಹಲಗೆ. ಪುಸ್ತಕ ಅಲ್ಲೇ ಇತ್ತು. ತಂದು ಕೌಂಟರ್ ಮೇಲೆ ಇಟ್ಟೆ. ಅವರು ಒಳಗಿನ ಅಕ್ಸೆಷನ್ ನಂಬರ್ ನೋಡಿದರು, ಕಂಪ್ಯೂಟರ್ ನೋಡಿದರು, ಆಮೇಲೆ ಪತ್ರಕ್ಕೆ ಸೀಲ್ ಒತ್ತಿದರು.